ಆಥಲ್ ಮಾತಾಡಿದ ಎರಡು ಗಂಟೆ

ವಿಲ್ಮಟ್ ಕೊಲ್ಲಿಯ ಹಳೆಯ ಸೇಬಿನ ಶೆಡ್ಡಿಗೆ ನೂರು ತುಂಬಲು ಇನ್ನೊಂದೇ ವರ್ಷ ಉಳಿದಿದೆ ಎನ್ನುವಾಗ, ಅದನ್ನು ನೋಡಿಕೊಳ್ಳುವ ಸಮಿತಿಯವರು ಮತ್ತೊಂದು ವಿಡಿಯೊ ಮಾಡಿಸಬೇಕೆಂದು ತೀರ್ಮಾನಿಸಿದರು. ಅಧ್ಯಕ್ಷ ಮರ್ವಿನ್ ಈ ವಿಷಯ ಎತ್ತುವಾಗ ಮೇಜಿನಾಚೆ ಕೂತಿದ್ದ ವಾಲ್ಮಾಳ ಮುಖ ನೋಡಲಿಲ್ಲ. ಕೈಯಲ್ಲಿದ್ದ ಬಿಸ್ಕತ್ತು ನೋಡುತ್ತಾ ಹೇಳಿದ.

"ಕೌನ್ಸಿಲ್‌ನವರು ಹಣ ಮಂಜೂರು ಮಾಡಿದಾರೆ. ಹೋಬಾರ್ಟ್‌ನಿಂದ ಒಬ್ಬಳು ಬರ್ತಾಳೆ, ಇಮೊಜೆನ್ ಅಂತ. ಒಳ್ಳೆ ಕೆಲಸಗಾರ್ತಿಯಂತೆ. ಇನ್ನು ಒಪ್ಪಂದಕ್ಕೆ ಸಹಿ ಹಾಕೋದೊಂದೇ ಬಾಕಿ."

"ಯಾರು ಹಾಕೋದು ಸಹಿ?"

"ಕಾರ್ಯದರ್ಶಿ ನೀನೇ ಅಲ್ವೇನೆ, ವಾಲ್."

"ಹಾಗಾದ್ರೆ ಕೇಳ್ಕೋ. ಆ ಕಾಗದದಲ್ಲಿರೋ ಒಂದೊಂದು ಮಾತೂ ನನಗೆ ಅರ್ಥ ಆಗೋ ತನಕ ನಾನು ಪೆನ್ನು ಮುಟ್ಟಲ್ಲ. ಒಂದು ದಿನ ಆಗಲಿ, ಒಂದು ತಿಂಗಳಾಗಲಿ."

ಮರ್ವಿನ್ ಬಿಸ್ಕತ್ತನ್ನು ಚಹಾಕ್ಕೆ ಅದ್ದಿದ. ಅದು ಮುರಿದು ಒಳಗೇ ಬಿತ್ತು. "ಹಾಗೇ ಆಗಲಿ ಮಾರಾಯ್ತಿ," ಎಂದ. ಅವಳ ಈ ಹಟದ ಕಾರಣ ಎಲ್ಲರಿಗೂ ಗೊತ್ತಿತ್ತು.

ಆರು ವರ್ಷದ ಹಿಂದೆ ಇದೇ ಶೆಡ್ಡಿನ ಬಗ್ಗೆ ಒಂದು ವಿಡಿಯೊ ಆಗಿತ್ತು. ಹೋಬಾರ್ಟಿನ ಒಂದು ಸಂಸ್ಥೆಯವರು ಬಂದಿದ್ದರು. ಆ ಕಾಲದ ಕೆಲಸಗಾರರಲ್ಲಿ ಗಟ್ಟಿಮುಟ್ಟಾಗಿ ಉಳಿದಿದ್ದ ನಾಲ್ಕೈದು ಜನರಲ್ಲಿ ವಾಲ್ಮಾಳ ಗಂಡ ಆಥಲ್ ಒಬ್ಬ. ಹ್ಯೂನ್ ನದಿಯ ದಂಡೆಯ ಸೇಬು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದ ಕಾಲದಲ್ಲಿ ಅವನು ಈ ಶೆಡ್ಡಿನಲ್ಲಿ ಹಲಗೆಗೆ ಮೊಳೆ ಹೊಡೆದು ಮರದ ಪೆಟ್ಟಿಗೆ ಮಾಡುವವನಾಗಿದ್ದ. ದಿನಕ್ಕೆ ಇನ್ನೂರು ಪೆಟ್ಟಿಗೆ ಅವನಿಗೆ ಲೆಕ್ಕವೇ ಅಲ್ಲ. ಆಮೇಲೆ ಇಂಗ್ಲೆಂಡು ಯುರೋಪಿನವರ ಜೊತೆ ಸೇರಿಕೊಂಡಿತು, ಇಲ್ಲಿಯ ಸೇಬು ಕೇಳುವವರಿಲ್ಲದಾಯಿತು. ಸರ್ಕಾರವೇ ದುಡ್ಡು ಕೊಟ್ಟು ಗಿಡ ಕೀಳಿಸಿತು. ಶೆಡ್ಡಿಗೆ ಬೀಗ ಬಿತ್ತು. ಆಥಲ್ ರಸ್ತೆ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತನಾದ.

ಅವನು ಮಾತಿನ ಮನುಷ್ಯನಲ್ಲ. ಇಡೀ ಒಂದು ದಿನದ ಮಾತನ್ನೆಲ್ಲ ಒಟ್ಟುಮಾಡಿದರೂ ಒಂದು ಅಂಗೈಯಲ್ಲಿ ಹಿಡಿಸುತ್ತಿತ್ತು. ಬೆಳಿಗ್ಗೆ "ಚಳಿ ಇದೆ", ಮಧ್ಯಾಹ್ನ "ಚೆನ್ನಾಗಿದೆ", ಸಂಜೆ "ಮಲಗೋಣವಾ". ಐವತ್ತೆರಡು ವರ್ಷದ ಸಂಸಾರದಲ್ಲಿ ವಾಲ್ಮಾ ಇದಕ್ಕೆ ಒಗ್ಗಿಹೋಗಿದ್ದಳು. ಆದರೆ ಆ ದಿನ ವಿಡಿಯೊದವರ ಎದುರು ಕೂತ ಆಥಲ್ ಎರಡು ಗಂಟೆ ಮಾತಾಡಿದ. ಎರಡು ಗಂಟೆ! ವಾಲ್ಮಾ ಪಕ್ಕದ ಅಡುಗೆಕೋಣೆಯಲ್ಲಿ ಎಲ್ಲರಿಗಾಗಿ ಸ್ಕೋನ್ ಎಂಬ ಪುಟ್ಟ ಬನ್ನು ಬೇಯಿಸುತ್ತಿದ್ದಳು. ಸದ್ದು ಬರುತ್ತೆ, ಬಾಗಿಲು ಹಾಕಿಕೊಳ್ಳಿ ಎಂದಿದ್ದರು. ಹಾಕಿಕೊಂಡಿದ್ದಳು. ಬಾಗಿಲ ಆಚೆಯಿಂದ ಗಂಡನ ದನಿ ಗುಂಯ್ ಎಂದು ಕೇಳುತ್ತಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ. ನಡುವೆ ಒಮ್ಮೆ ಅವನು ನಕ್ಕಿದ್ದ.

ಮನೆಗೆ ಹೋಗುವಾಗ ಕಾರಿನಲ್ಲಿ ಕೇಳಿದಳು, "ಅಷ್ಟು ಹೊತ್ತು ಏನು ಹೇಳಿದಿರಿ?"

"ಎಲ್ಲಾ ಅದರಲ್ಲೇ ಬರುತ್ತಲ್ಲ, ನೋಡ್ತೀಯಂತೆ," ಎಂದ ಆಥಲ್.

ಬಂದಿದ್ದು ಮೂರು ನಿಮಿಷದ ವಿಡಿಯೊ. ಅದರಲ್ಲಿ ಆಥಲ್‌ನ ಪಾಲು ಒಂಬತ್ತು ಸೆಕೆಂಡು. ಅದರಲ್ಲೂ ಐದು ಸೆಕೆಂಡು ದನಿ ಮಾತ್ರ ಅವನದು, ತೆರೆಯ ಮೇಲೆ ನದಿ ಹರಿಯುತ್ತಿತ್ತು. "ಆಗ ಎಲ್ಲರೂ ಸೇಬಿನ ವಾಸನೇನೇ ಹೊಡೀತಿದ್ವಿ," ಎನ್ನುವುದೊಂದೇ ಮಾತು. ಆಥಲ್ ಬಿದ್ದುಬಿದ್ದು ನಕ್ಕ. "ಒಂಬತ್ತು ಸೆಕೆಂಡಿಗೆ ಕ್ಷೌರ ಬೇರೆ ಮಾಡಿಸ್ಕೊಂಡಿದ್ನಲ್ಲೇ," ಎಂದ. ವಾಲ್ಮಾಳೂ ನಕ್ಕಳು. ಉಳಿದದ್ದನ್ನು ಯಾವಾಗಲಾದರೂ ತರಿಸಿಕೊಂಡರಾಯಿತು, ಎಲ್ಲಿ ಹೋಗುತ್ತೆ ಅಂದುಕೊಂಡಳು.

ಹದಿನಾಲ್ಕು ತಿಂಗಳಿಗೆ ಆಥಲ್ ಹೋದ. ತರಕಾರಿ ಮಡಿಯಲ್ಲಿ ಕೂತವನು ಮೇಲೇಳಲಿಲ್ಲ.

ಮಣ್ಣು ಮಾಡಿ ಒಂದು ತಿಂಗಳಾದ ಮೇಲೆ ಅವಳು ಆ ಸಂಸ್ಥೆಗೆ ಬರೆದಳು. ಉತ್ತರ ಮರ್ಯಾದೆಯಿಂದಲೇ ಬಂತು. ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ಆದರೆ ಒಪ್ಪಂದದ ಪ್ರಕಾರ ನಿಮಗೆ ಸಲ್ಲಬೇಕಾದದ್ದು ಪೂರ್ತಿಯಾದ ವಿಡಿಯೊ ಮಾತ್ರ. ರಾ ಫೂಟೇಜ್ ಸಂಸ್ಥೆಯ ಸ್ವತ್ತು. ಹನ್ನೆರಡು ತಿಂಗಳಾದ ಮೇಲೆ ಅದನ್ನು ಅಳಿಸುವುದು ನಮ್ಮ ರೂಢಿ, ಅದರಂತೆ ಅಳಿಸಿದ್ದೇವೆ. ಜೊತೆಗೆ ಒಪ್ಪಂದದ ನಕಲು ಇಟ್ಟಿದ್ದರು. ಏಳನೇ ಕಲಮು. ಕೆಳಗೆ ದುಂಡು ಅಕ್ಷರದಲ್ಲಿ ಅವಳದೇ ಸಹಿ.

ಮೂರು ತಿಂಗಳು. ಮೂರೇ ತಿಂಗಳು ಮೊದಲು ಕೇಳಿದ್ದರೆ, ಎಂದು ಅವಳು ಯಾರ ಹತ್ತಿರವೂ ಹೇಳಲಿಲ್ಲ. ಆದರೆ ಬಟ್ಟೆ ಒಣಗಿಹಾಕುವಾಗ, ಆಲೂಗಡ್ಡೆ ಹೆರೆಯುವಾಗ ಅದೇ ಬಂದು ಎದೆಯಲ್ಲಿ ಕೂರುತ್ತಿತ್ತು. ಗಂಡನ ಫೋಟೊ ಬೇಕಾದಷ್ಟಿದ್ದವು. ಅಂಗಿಗಳಿದ್ದವು, ಸುತ್ತಿಗೆಯಿತ್ತು. ಅವನ ಮಾತಿರಲಿಲ್ಲ. ತನಗೆ ಐವತ್ತೆರಡು ವರ್ಷ ಸಿಗದ ಮಾತು ಯಾರೋ ಅಪರಿಚಿತರಿಗೆ ಎರಡೇ ಗಂಟೆಯಲ್ಲಿ ಸಿಕ್ಕಿತ್ತು. ಅವರಿಗೆ ಅದು ಬೇಡವಾಗಿತ್ತು.

*

ಇಮೊಜೆನ್ ಬಂದದ್ದು ಮಾರ್ಚಿನ ಒಂದು ಮಂಗಳವಾರ, ಉಳಿದಿರುವ ಒಂದೆರಡು ತೋಟದಲ್ಲಿ ಕೊಯ್ಲು ನಡೆಯುತ್ತಿದ್ದಾಗ. ಮೂವತ್ತು ದಾಟಿದ, ಮೂಗಿನ ಮೇಲೆ ಬಿಸಿಲ ಚುಕ್ಕೆಗಳಿದ್ದ ಹೆಂಗಸು. ಜೊತೆಯಲ್ಲಿ ಯಾರೂ ಇರಲಿಲ್ಲ, ಕ್ಯಾಮೆರಾವೂ ಇರಲಿಲ್ಲ. ಶೆಡ್ಡಿನ ಅಡುಗೆಕೋಣೆಯಲ್ಲಿ ವಾಲ್ಮಾ ಅವಳನ್ನು ಕೂರಿಸಿ, ಚಿಪ್ಪುಮೀನು ತುಂಬಿದ ಸ್ಕಾಲಪ್ ಪೈ ಒಂದನ್ನು ತಟ್ಟೆಗೆ ಹಾಕಿ ಮುಂದಿಟ್ಟಳು. ಆಮೇಲೆ ಒಂದು ನೋಟುಬುಕ್ಕು ತೆರೆದಳು. ಎಡಗಡೆ ಪುಟದಲ್ಲಿ ಪದಗಳು, ಬಲಗಡೆ ಪುಟ ಖಾಲಿ.

"ನೀನು ತಿನ್ನು ಮಗೂ. ನಾನು ಕೇಳ್ತೀನಿ. ದಡ್ಡಿ ಅಂದ್ಕೊಂಡ್ರೂ ಪರವಾಗಿಲ್ಲ."

"ದಡ್ಡರು ಕೇಳಲ್ಲ, ವಾಲ್ಮಾ. ಸಹಿ ಹಾಕಿಬಿಡ್ತಾರೆ," ಎಂದಳು ಇಮೊಜೆನ್. ಮರುಗಳಿಗೆ ವಾಲ್ಮಾಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು. "ತಪ್ಪಾಗಿ ಹೇಳಿಬಿಟ್ಟೆ. ಮರ್ವಿನ್ ನನಗೆ ಎಲ್ಲಾ ಹೇಳಿದಾರೆ."

"ಹೇಳಿದನಾ. ಅವನ ಬಾಯಲ್ಲಿ ಬಿಸಿ ಚಹಾನೂ ನಿಲ್ಲಲ್ಲ. ಇರಲಿ, ಮೊದಲನೇದು. ರಾ ಫೂಟೇಜ್."

"ಕ್ಯಾಮೆರಾ ಓಡಿದಷ್ಟು ಹೊತ್ತೂ ಅದು ಕಂಡಿದ್ದು, ಕೇಳಿದ್ದು, ಎಲ್ಲಾ. ಕತ್ತರಿ ಹಾಕೋದಕ್ಕೆ ಮುಂಚಿನದು."

"ಅದು ಯಾರದು?"

"ಕಾಗದದಲ್ಲಿ ಬೇರೆ ಥರ ಬರೀದೇ ಇದ್ರೆ, ತೆಗೆದವರದು."

"ಮಾತಾಡಿದವರದಲ್ಲ."

"ಅಲ್ಲ."

"ಅವರ ಹೆಂಡತೀದೂ ಅಲ್ಲ."

ಇಮೊಜೆನ್ ಕೈಯಲ್ಲಿದ್ದ ಪೈ ತಟ್ಟೆಗಿಟ್ಟಳು. "ಅಲ್ಲ. ಆದ್ರೆ ಬರೆಸಿಕೊಳ್ಳಬಹುದು. ಒಂದು ಸಾಲು ಸಾಕು. ಒಂದು ಪ್ರತಿ ಸಮಿತಿಗೆ ಕೊಡಬೇಕು ಅಂತ. ಯಾರೂ ಕೇಳಲ್ಲ ಅಷ್ಟೆ, ಯಾಕಂದ್ರೆ ಅದಕ್ಕೊಂದು ಹೆಸರಿದೆ ಅಂತಾನೇ ಯಾರಿಗೂ ಗೊತ್ತಿರಲ್ಲ."

ವಾಲ್ಮಾ ಬಲಗಡೆ ಪುಟದಲ್ಲಿ ನಿಧಾನವಾಗಿ ಬರೆದುಕೊಂಡಳು. ಅವಳ ಅಕ್ಷರಗಳು ಸೇಬು ಜೋಡಿಸಿದ ಹಾಗೆ, ಒಂದರ ಪಕ್ಕ ಒಂದು ಗುಂಡಗೆ ಕೂರುತ್ತಿದ್ದವು.

"ಬಿ-ರೋಲ್. ಇದೇನು, ತಿನ್ನೋದಾ?"

ಇಮೊಜೆನ್ ನಕ್ಕುಬಿಟ್ಟಳು. "ಒಬ್ಬರ ಮುಖವನ್ನೇ ತೋರಿಸ್ತಾ ಇದ್ರೆ ನೋಡೋರಿಗೆ ಬೇಜಾರಾಗುತ್ತೆ. ಅದಕ್ಕೆ ಅವರು ಮಾತಾಡ್ತಿರುವಾಗ ಬೇರೆ ಏನಾದ್ರೂ ತೋರಿಸ್ತೀವಿ. ಮರ, ಕೈ, ನದಿ."

"ನದಿ," ಎಂದಳು ವಾಲ್ಮಾ. "ಅದು ನನ್ನ ಮನೆ ಕಿಟಕಿಯಿಂದಾನೇ ಕಾಣುತ್ತೆ. ಐದು ಸೆಕೆಂಡು ಅದನ್ನ ತೋರಿಸಿದ್ರು. ಇವರ ಮುಖದ ಮೇಲೆ."

ಹೀಗೇ ಪದ ಪದವಾಗಿ ಸಾಗಿತು. ರಫ್ ಕಟ್ ಎಂದರೆ ಮೊದಲ ಸಲ ಜೋಡಿಸಿದ ಕಚ್ಚಾ ವಿಡಿಯೊ. ಮಾಡಿಸಿದವರಿಗೆ ತೋರಿಸಿ ಏನು ಬೇಕು, ಏನು ಬೇಡ ಎಂದು ಕೇಳುವುದು ಆಗಲೇ. ತಿದ್ದುಪಡಿ ಇಷ್ಟು ಸಲ ಎಂದು ಮೊದಲೇ ಬರೆದಿರುತ್ತಾರೆ. ಮಾಡಿಸಿದವರು ಒಪ್ಪಿದ ಮೇಲೆ ಪಿಕ್ಚರ್ ಲಾಕ್. ಅಂದರೆ ಚಿಲಕ ಬಿತ್ತು. ಆಮೇಲೆ ಒಂದು ಸೆಕೆಂಡನ್ನೂ ಅಲ್ಲಾಡಿಸುವ ಹಾಗಿಲ್ಲ.

ವಾಲ್ಮಾಳ ಪೆನ್ನು ನಿಂತಿತು. "ಆ ರಫ್ ಕಟ್ಟು ನಮಗೂ ಕಳಿಸಿರ್ತಾರಾ?"

"ಕಳಿಸಿರಲೇಬೇಕು."

ವಾಲ್ಮಾ ಎದ್ದು ಬಾಗಿಲಿಗೆ ಹೋಗಿ ಕೂಗಿದಳು. ಹೊರಗೆ ಏಣಿ ಹತ್ತಿ ಮಾಡಿನಂಚಿನ ಮಳೆನೀರಿನ ದೋಣಿ ಸರಿಮಾಡುತ್ತಿದ್ದ ಮರ್ವಿನ್ ಕೈ ಒರೆಸಿಕೊಳ್ಳುತ್ತಾ ಬಂದ.

"ಮರ್ವ್, ಆವಾಗ ಹೋಬಾರ್ಟಿನವರು ರಫ್ ಕಟ್ ಅಂತ ಏನಾದ್ರೂ ಕಳಿಸಿದ್ರಾ?"

ಅವನು ನೆನಪು ಮಾಡಿಕೊಂಡ. ಕಿವಿ ಕೆಂಪಾಯಿತು. "ಒಂದು ಇಮೇಲ್ ಬಂದಿತ್ತು. ನೋಡಿ, ಅಭಿಪ್ರಾಯ ತಿಳಿಸಿ ಅಂತ. ನಾನು... ತುಂಬ ಚೆನ್ನಾಗಿದೆ ಅಂತ ಬರೆದೆ. ನನಗೇನು ಗೊತ್ತು ವಾಲ್, ಅದೇ ಪೂರ್ತಿ ವಿಡಿಯೊ ಅಂದ್ಕೊಂಡೆ. ಅವರು ಕಷ್ಟಪಟ್ಟು ಮಾಡಿದಾರೆ, ಮನಸ್ಸು ನೋಯಿಸೋದು ಯಾಕೆ ಅಂತ."

ಆಥಲ್‌ನ ಮಾತು ಇನ್ನಷ್ಟು ಹಾಕಿ ಎಂದು ಕೇಳಬಹುದಾಗಿದ್ದ ಒಂದು ದಿನ ಇತ್ತು. ಅದು ಬಂದು, ಮರ್ವಿನ್‌ನ ಒಳ್ಳೆಯತನದ ಮುಂದೆ ನಿಂತು, ಹೊರಟುಹೋಗಿತ್ತು.

"ಹೋಗಲಿ ಬಿಡು," ಎಂದಳು ವಾಲ್ಮಾ. "ಏಣಿ ಮೇಲೆ ಹುಷಾರು."

ಅವನು ಹೋದ ಮೇಲೆ ಇಮೊಜೆನ್ ತಾನಾಗಿಯೇ ನೋಟುಬುಕ್ಕು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು. ಕೊನೆಯಲ್ಲಿ ಒಂದು ಪದ ಉಳಿದಿತ್ತು. "ರೂಮ್ ಟೋನ್. ಇದನ್ನ ಎಲ್ಲಿ ಓದಿದ್ರಿ?"

"ಹ್ಯೂನ್‌ವಿಲ್ ಲೈಬ್ರರಿಯಲ್ಲಿ ಒಂದು ಪುಸ್ತಕ ಇತ್ತು. ಅರ್ಥ ಆಗಲಿಲ್ಲ. ಕೋಣೆಗೇನು ದನಿ?"

"ಇರುತ್ತೆ. ಯಾರೂ ಮಾತಾಡದೇ ಇದ್ರೂ ಒಂದೊಂದು ಕೋಣೆ ಒಂದೊಂದು ಥರ ಕೇಳಿಸುತ್ತೆ. ಮಾತು ಕತ್ತರಿಸಿ ಜೋಡಿಸಿದ ಜಾಗದಲ್ಲಿ ಪೂರ್ತಿ ನಿಶ್ಶಬ್ದ ಬಂದ್ರೆ ಕಿವಿಗೆ ಹಳ್ಳಕ್ಕೆ ಬಿದ್ದಂಗಾಗುತ್ತೆ. ಅಲ್ಲಿ ತುಂಬೋದಕ್ಕೆ ಆ ಕೋಣೆಯ ಸದ್ದೇ ಬೇಕು. ಅದಕ್ಕೆ ಮಾತೆಲ್ಲ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ಕೂರಿಸಿ ಒಂದು ನಿಮಿಷ ಹಾಗೇ ರೆಕಾರ್ಡ್ ಮಾಡ್ಕೋತೀವಿ."

ವಾಲ್ಮಾಳಿಗೆ ಆ ದಿನ ನೆನಪಾಯಿತು. ಉದ್ದ ಗಡ್ಡದ ಒಬ್ಬ ಅಡುಗೆಕೋಣೆಯ ಬಾಗಿಲು ತೆರೆದು, ಅಮ್ಮಾ, ಒಂದು ನಿಮಿಷ ಫ್ರಿಜ್ ಆರಿಸ್ತೀರಾ, ಅಲ್ಲಾಡಬೇಡಿ, ಎಂದಿದ್ದ. ಅವಳು ಕೈಗೆ ಮೆತ್ತಿದ ಹಿಟ್ಟಿನ ಸಮೇತ ಬೊಂಬೆಯಂತೆ ನಿಂತಿದ್ದಳು. ಅದನ್ನು ಹೇಳಿದಳು.

"ಗಡ್ಡದವನಾ? ಐರಿಶ್ ಮಾತಾ? ರೊನಾನ್ ಅಂತನಾ?"

"ಹಾಗೇ ಏನೋ ಹೆಸರು."

ಇಮೊಜೆನ್ ಕುರ್ಚಿಯಿಂದ ಅರ್ಧ ಎದ್ದಿದ್ದಳು. "ವಾಲ್ಮಾ, ನಾನು ಆಸೆ ಹುಟ್ಟಿಸಲ್ಲ. ಮಾತೆಲ್ಲ ಸಂಸ್ಥೆಯವರ ಹತ್ತಿರಾನೇ ಹೋಗಿರುತ್ತೆ, ಅಳಿಸಿದ್ರೆ ಅಳಿಸಿದ ಹಾಗೇನೇ. ಆದ್ರೆ ಸೌಂಡ್ ನೋಡ್ಕೊಳ್ಳೋ ಈ ರೊನಾನ್ ತಾನು ಹೋದ ಕಡೆಯ ರೂಮ್ ಟೋನ್ ಎಲ್ಲ ಕೂಡಿಟ್ಕೋತಾನೆ. ಹುಚ್ಚು ಅವನಿಗೆ. ಕೇಳಿ ನೋಡ್ಲಾ?"

*

ರೊನಾನ್ ಇದ್ದದ್ದು ಸಮುದ್ರದಂಡೆಯ ಊರಾದ ಕೆಟರಿಂಗ್‌ನಲ್ಲಿ, ಬ್ರೂನಿ ದ್ವೀಪಕ್ಕೆ ದೋಣಿ ಹೊರಡುವ ಜೆಟ್ಟಿಯಿಂದ ಸ್ವಲ್ಪ ಮೇಲಕ್ಕೆ. ಆ ಭಾನುವಾರ ಇಮೊಜೆನ್ ತನ್ನ ಕಾರಿನಲ್ಲೇ ವಾಲ್ಮಾಳನ್ನು ಗುಡ್ಡದ ದಾರಿಯಲ್ಲಿ ಕರೆದುಕೊಂಡು ಹೋದಳು. ವಾಲ್ಮಾ ಇಗರ್ಜಿಗೆ ಹೋಗುವಾಗ ಹಾಕುವ ನೀಲಿ ಕೋಟು ಹಾಕಿದ್ದಳು. ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಬ್ಬಿ ತುಂಬ ಸೇಬಿನ ಜೆಲ್ಲಿ ತೆಗೆದುಕೊಂಡಿದ್ದಳು. ದಾರಿಯುದ್ದಕ್ಕೂ ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡುತ್ತಲೇ ಇದ್ದಳು.

ಗಡ್ಡ ಈಗ ಬೆಳ್ಳಗಾಗಿತ್ತು. ಅವನು ವಾಲ್ಮಾಳ ಕೈ ಹಿಡಿದು ಒಳಗೆ ಕರೆದು, ಮೆತ್ತೆಯ ಕುರ್ಚಿಯಲ್ಲಿ ಕೂರಿಸಿದ.

"ಸಿಕ್ಕಿದೆ ಅಮ್ಮಾ. ಒಂದು ನಿಮಿಷ ಹನ್ನೊಂದು ಸೆಕೆಂಡು. ಇದರಲ್ಲಿ ಏನೂ ಇಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಸುಮ್ಮನೆ ಕೂತಿದ್ದಾರೆ ಅಷ್ಟೆ. ಕೇಳಿಸ್ಲಾ?"

ವಾಲ್ಮಾ ತಲೆಯಾಡಿಸಿದಳು. ಅವನು ಹೆಡ್‌ಫೋನನ್ನು ಅವಳ ಕೂದಲು ಕೆಡದ ಹಾಗೆ ಮೆಲ್ಲಗೆ ಹಾಕಿದ.

ಮೊದಲು ಏನೂ ಇರಲಿಲ್ಲ. ಆಮೇಲೆ ಶೆಡ್ಡು ಬಂತು. ತಗಡಿನ ಮಾಡು ಬಿಸಿಲಿಗೆ ಟಿಕ್ ಎಂದದ್ದು, ದೂರದಲ್ಲಿ ಒಂದು ಕಾಗೆ, ನೀರಿನ ಮೇಲೆ ಯಾವುದೋ ಮೋಟಾರು ದೋಣಿ. ಇವೆಲ್ಲದರ ಕೆಳಗೆ, ತೀರ ಹತ್ತಿರದಲ್ಲಿ, ಒಬ್ಬ ಮನುಷ್ಯ ಉಸಿರಾಡುತ್ತಿದ್ದ. ಎಳೆದುಕೊಳ್ಳುವಾಗ ಮೂಗಿನಲ್ಲಿ ಸಣ್ಣಗೆ ಸಿಳ್ಳೆ. ಬಿಡುವಾಗ ಇರಲಿಲ್ಲ. ಆ ಸಿಳ್ಳೆಗೆ ಬೈದು ಬೈದು ಐವತ್ತೆರಡು ವರ್ಷ ಮಗ್ಗುಲು ಬದಲಿಸಿದ್ದಳು ವಾಲ್ಮಾ. ಅವಳ ಕೈ ತಾನಾಗಿ ಮೇಲೆದ್ದು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿಯಿತು. ಉಸಿರು ಹೋಯಿತು, ಬಂತು, ಹೋಯಿತು. ಕುರ್ಚಿ ಕಿರುಗುಟ್ಟಿತು. ಕೊನೆಗೆ, ಬೇರೆ ಯಾರೋ ಸಾಕು ಅಂದರೇನೋ, ಆಥಲ್‌ನ ದನಿ ಕಿವಿಯ ಒಳಗೇ ಹೇಳಿತು:

"ಮುಗೀತಾ? ಕಾಲು ಜೋಮು ಹಿಡಿದುಬಿಡ್ತು, ಮಾರಾಯ."

ಅಷ್ಟೇ.

"ಇನ್ನೊಂದು ಸಲ," ಎಂದಳು ವಾಲ್ಮಾ. ಇನ್ನೊಂದು ಸಲ ಕೇಳಿದಳು. ಮತ್ತೊಂದು ಸಲ. ಆಮೇಲೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಇಮೊಜೆನ್ ಕಿಟಕಿಯ ಕಡೆ ತಿರುಗಿ ಕೂತಿದ್ದಳು.

"ನೀನೊಬ್ಬನೇ ಕಣಪ್ಪಾ ಅವರ ಮಾತು ಪೂರ್ತಿ ಕೇಳಿದವನು," ಎಂದಳು ವಾಲ್ಮಾ, ರೊನಾನ್‌ಗೆ. "ಪ್ರಶ್ನೆ ಕೇಳೋರು ಮುಂದಿನ ಪ್ರಶ್ನೆ ಯೋಚಿಸ್ತಿರ್ತಾರೆ. ಕ್ಯಾಮೆರಾದವನು ಬೆಳಕು ನೋಡ್ತಿರ್ತಾನೆ. ನೀನು ಎರಡು ಗಂಟೆ ಇದನ್ನ ಕಿವಿಗಿಟ್ಕೊಂಡು ಕೂತಿದ್ದೆ. ಏನು ಹೇಳಿದ್ರು ನಮ್ಮೋರು?"

ರೊನಾನ್ ಗಡ್ಡ ನೀವಿಕೊಂಡ. "ಸುಳ್ಳು ಹೇಳಲ್ಲ ಅಮ್ಮಾ. ಆರು ವರ್ಷ ಆಯ್ತು. ಆ ವಾರಾನೇ ನಾಲ್ಕು ಊರಿಗೆ ಹೋಗಿದ್ವಿ. ಯಾರು ಏನು ಹೇಳಿದ್ರು ಅನ್ನೋದು ಕಲಸಿಹೋಗಿದೆ." ನಿಲ್ಲಿಸಿದ. ಅವಳು ಕಾದಳು. ಕಾಯುವುದು ಅವಳಿಗೆ ಹೊಸದಲ್ಲ. "ಒಂದು ಮಾತ್ರ ನೆನಪಿದೆ. ಅದು ನಿಮ್ಮವರೇ ಹೇಳಿದ್ದಾ, ಬೇರೆ ಯಾವ ಊರಿನ ಮುದುಕರಾದ್ರೂ ಹೇಳಿದ್ದಾ, ಆಣೆ ಇಟ್ಟು ಹೇಳಲಾರೆ. ಮೊಳೆ ಬಗ್ಗೆ."

"ಮೊಳೆ?"

"ಪೆಟ್ಟಿಗೆ ಹೊಡೆಯೋರು ಮೊಳೆ ಬಾಯಲ್ಲಿ ಇಟ್ಕೊಂಡಿರ್ತಿದ್ರಂತಲ್ಲ, ತುಟಿ ಮಧ್ಯೆ ಸಾಲಾಗಿ. ಅದರಿಂದ ಮಾತಾಡೋಕೆ ಆಗ್ತಿರಲಿಲ್ಲ. ಸೇಬಿಗೆ ಕಾಗದ ಸುತ್ತೋ ಹುಡುಗೀರಲ್ಲಿ ಒಬ್ಬಳು ಚಹಾದ ಹೊತ್ತಿಗೆ ಬಂದು ಹಲಗೆ ಮೇಲೆ ಕೂತು, ಮನೆ ಕಷ್ಟ, ಅಪ್ಪನ ಕುಡಿತ, ಹೊಸ ಶೂ, ಎಲ್ಲಾ ಹೇಳ್ಕೋತಿದ್ಲಂತೆ. ಇವನು ಉತ್ತರ ಕೊಡಲ್ಲ, ನಡುವೆ ಬಾಯಿ ಹಾಕಲ್ಲ ಅನ್ನೋ ಧೈರ್ಯ. ಒಂದು ದಿನ ಹಲಗೆ ಎಲ್ಲಾ ಮುಗಿದುಹೋಗಿತ್ತಂತೆ, ಹೊಡೆಯೋಕೆ ಕೆಲಸಾನೇ ಇಲ್ಲ. ಆದ್ರೂ ಅವಳು ಬರೋದನ್ನ ಕಂಡು ಒಂದು ಹಿಡಿ ಮೊಳೆ ಬಾಯಿಗೆ ಹಾಕ್ಕೊಂಡ್ರಂತೆ. ಬಾಯಿ ಖಾಲಿ ಇರೋದು ನೋಡಿದ್ರೆ ಅವಳು ಹೇಳೋದು ನಿಲ್ಲಿಸಿಬಿಡ್ತಾಳೆ ಅಂತ ಹೆದರಿಕೆ. ಅದನ್ನ ಹೇಳಿ ಒಂದು ಸಲ ಜೋರಾಗಿ ನಕ್ಕರು. ನನ್ನ ಕಿವಿ ಹಾರಿಹೋಗೋ ಹಾಗೆ. ಅದಕ್ಕೇ ನೆನಪಿರೋದು."

ವಾಲ್ಮಾಳಿಗೆ ಆಗ ಹದಿನಾರು ವರ್ಷ, ಶೆಡ್ಡಿನಲ್ಲಿ ಸೇಬು ಸುತ್ತುವ ಕೆಲಸ. ಹೊಸ ಶೂ ಕಂದು ಬಣ್ಣದ್ದು; ಒಂದೇ ವಾರಕ್ಕೆ ಅಪ್ಪ ಅದನ್ನು ಮಾರಿ ಕುಡಿದಿದ್ದ. ಅದನ್ನು ಅವಳು ಜಗತ್ತಿನಲ್ಲಿ ಒಬ್ಬನಿಗೇ ಹೇಳಿದ್ದು. ಅವನು ಸುತ್ತಿಗೆ ಕೆಳಗಿಟ್ಟು, ಮೊಳೆ ಕಚ್ಚಿಕೊಂಡೇ, ಕಣ್ಣು ಮಿಟುಕಿಸದೆ ನೋಡಿದ್ದ. ಕೆಲಸಕ್ಕೆ ಅಡ್ಡಿಯಾಯಿತೆಂದು ಸಿಟ್ಟಾಗಿದ್ದಾನೆ ಅಂದುಕೊಂಡಿದ್ದಳು.

"ನಮ್ಮೋರೇ ಹೇಳಿದ್ದು," ಎಂದಳು. "ಬೇರೆ ಊರಿನವರಲ್ಲ."

"ಗೊತ್ತಾಯ್ತಾ?"

"ಗೊತ್ತಾಯ್ತು."

ರೊನಾನ್ ಆ ಒಂದು ನಿಮಿಷ ಹನ್ನೊಂದು ಸೆಕೆಂಡನ್ನು ಅವಳ ಫೋನಿಗೆ ಹಾಕಿಕೊಟ್ಟ. ವಾಪಸು ಬರುವಾಗ ಗುಡ್ಡದ ತಿರುವಿನಲ್ಲಿ ವಾಲ್ಮಾ ಕಾರು ನಿಲ್ಲಿಸಲು ಹೇಳಿ ಕೆಳಗಿಳಿದಳು. ಬೇಲಿಯ ಕಂಬ ಹಿಡಿದುಕೊಂಡು ತುಂಬ ಹೊತ್ತು ನಿಂತಳು. ಸಿಕ್ಕಿದ್ದು ಸಣ್ಣದೇನಲ್ಲ. ಆದರೂ ಸಿಕ್ಕ ಮೇಲೆ ಹಸಿವು ಇಮ್ಮಡಿಯಾಯಿತು. ಎರಡು ಗಂಟೆಯ ಒಂದೇ ತುಣುಕು ಇದಾದರೆ, ಉಳಿದದ್ದರಲ್ಲಿ ಏನೇನಿತ್ತೋ. ಅವನ ಅಮ್ಮನ ಬಗ್ಗೆ ಹೇಳಿದ್ದನೋ ಏನೋ. ಹುಟ್ಟಿದ ದಿನವೇ ಹೋದ ತಮ್ಮಿಬ್ಬರ ಮಗುವಿನ ಬಗ್ಗೆ, ಎಂದೂ ಬಾಯಿಬಿಡದವನು, ಅಲ್ಲೇನಾದರೂ. ಇನ್ನು ಅದು ಎಲ್ಲೂ ಇಲ್ಲ. ಹುಡುಕಬಹುದಾದ ಯಾವ ಊರಿನಲ್ಲೂ ಇಲ್ಲ.

ಅವಳು ಕಣ್ಣೊರೆಸಿಕೊಂಡು ಬಂದು ಕೂತಾಗ ಇಮೊಜೆನ್ ಏನೂ ಕೇಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ವಾಲ್ಮಾಳೇ ಹೇಳಿದಳು, "ಆ ಕಾಗದ ತಗೊಂಡು ಬಾ ಮಗೂ. ನಾಳೆ ಬರೆಯೋಣ."

*

ಒಪ್ಪಂದ ಎರಡು ದಿನ ಹಿಡಿಯಿತು. ಯಾರನ್ನು ಮಾತಾಡಿಸಿದರೂ ಅವರ ರಾ ಫೂಟೇಜಿನ ಒಂದೊಂದು ಪ್ರತಿ ಸಮಿತಿಗೂ ಅವರ ಮನೆಗೂ ಹೋಗಬೇಕು. ಸಮಿತಿಯವರು ಬರಹದಲ್ಲಿ ಒಪ್ಪದೆ ಒಂದನ್ನೂ ಅಳಿಸಬಾರದು. ರಫ್ ಕಟ್ಟನ್ನು ಶೆಡ್ಡಿನಲ್ಲೇ, ಮಾತಾಡಿದವರನ್ನು ಕೂರಿಸಿ, ಎಲ್ಲರ ಮುಂದೆ ತೋರಿಸಬೇಕು. ಮರ್ವಿನ್ ಓದಿ, "ಅಬ್ಬಾ, ಮನೆ ಕೊಳ್ಳುವಾಗಲೂ ನಾನು ಇಷ್ಟು ಬರೆಸಿಕೊಂಡಿರಲಿಲ್ಲ," ಎಂದ.

"ಮನೆ ಬಿದ್ರೆ ಇನ್ನೊಂದು ಕಟ್ಟಬಹುದು," ಎಂದಳು ವಾಲ್ಮಾ. ಸಹಿ ಹಾಕಿದಳು.

ಕ್ಯಾಮೆರಾದ ಎದುರು ಮೊದಲು ಕೂತವಳು ಡಲ್ಸಿ. ತೊಂಬತ್ತೊಂದು ವರ್ಷ. ಸೇಬು ಸುತ್ತುವ ಹುಡುಗಿಯರಿಗೆಲ್ಲ ಮೇಲ್ವಿಚಾರಕಿಯಾಗಿದ್ದವಳು. ಅವಳನ್ನು ಕಂಡರೆ ವಾಲ್ಮಾಳಿಗೆ ಈಗಲೂ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಗಾಲಿಕುರ್ಚಿಯಲ್ಲಿ ಬಂದ ಡಲ್ಸಿ ಮೈಕು ಸಿಕ್ಕಿಸುತ್ತಿದ್ದ ರೊನಾನ್‌ನನ್ನು ಮೇಲಿಂದ ಕೆಳಗೆ ನೋಡಿ, "ಈ ಗಡ್ಡದಲ್ಲಿ ಹಕ್ಕಿ ಸಾಕಿದೀಯೇನೋ?" ಎಂದಳು. ಇಮೊಜೆನ್ ಅವನನ್ನೇ ಕರೆಸಿದ್ದಳು.

ಸ್ಕೋನ್ ಮಾಡುವ ಕೆಲಸವನ್ನು ವಾಲ್ಮಾ ಈ ಸಲ ಮರ್ವಿನ್‌ನ ತಲೆಗೆ ಕಟ್ಟಿದಳು. ತಾನು ಡಲ್ಸಿಯ ಎದುರು, ಕ್ಯಾಮೆರಾದ ಪಕ್ಕದಲ್ಲೇ, ಸದ್ದಾಗದ ಕುರ್ಚಿ ನೋಡಿ ಕೂತಳು.

ಡಲ್ಸಿ ಮೂರು ಗಂಟೆ ಮಾತಾಡಿದಳು. ತೆಳು ಕಾಗದದಲ್ಲಿ ಸೇಬು ಸುತ್ತುವಾಗ ಬೆರಳು ಬಿರಿದು ರಕ್ತ ಬರುತ್ತಿದ್ದುದು, ಕಾಗದಕ್ಕೆ ರಕ್ತ ಹತ್ತಿದರೆ ಸಂಬಳ ಹಿಡಿಯುತ್ತಿದ್ದುದು. ಒಬ್ಬ ಹುಡುಗಿ ಕಾಗದದೊಳಗೆ ತನ್ನ ವಿಳಾಸ ಬರೆದಿಟ್ಟು, ಇಂಗ್ಲೆಂಡಿನ ಯಾವನೋ ಹಣ್ಣಿನಂಗಡಿಯವನಿಂದ ಪತ್ರ ಬಂದು, ಎರಡು ವರ್ಷ ಬರೆದೂ ಬರೆದೂ ಕೊನೆಗೊಂದು ದಿನ ಪತ್ರ ನಿಂತುಹೋದದ್ದು.

"ಯಾರು ಆ ಹುಡುಗಿ?" ಎಂದು ಇಮೊಜೆನ್ ಕೇಳಿದಳು.

ಡಲ್ಸಿ ತನ್ನ ಸುಕ್ಕುಗಟ್ಟಿದ ಕೈ ನೋಡಿಕೊಂಡಳು. "ಮೇಲ್ವಿಚಾರಕಿ. ಬೇರೆಯೋರು ಮಾಡಿದ್ರೆ ಕೆಲಸದಿಂದ ತೆಗೀತಿದ್ದೆ."

ಲಾನ್ಸೆಸ್ಟನ್‌ನಿಂದ ಅಮ್ಮನನ್ನು ಕರೆದುಕೊಂಡು ಬಂದಿದ್ದ ಡಲ್ಸಿಯ ಮಗಳು ಗೋಡೆಗೊರಗಿ ನಿಂತಿದ್ದಳು, ಬಾಯಿಯ ಮೇಲೆ ಕೈ ಇಟ್ಟುಕೊಂಡು. ಅವಳಿಗೂ ಅರವತ್ತು ದಾಟಿತ್ತು. ಅಮ್ಮನ ಬಾಯಿಂದ ಆ ಸುದ್ದಿಯನ್ನು ಅವಳು ಕೇಳಿದ್ದು ಅದೇ ಮೊದಲು. ವಾಲ್ಮಾ ಅವಳನ್ನೇ ನೋಡುತ್ತಿದ್ದಳು. ಇವಳಿಗೆ ಇದು ಸಿಕ್ಕಿತು. ಮೂರು ಗಂಟೆಯೂ ಸಿಗುತ್ತದೆ.

ಜೂನ್‌ನಲ್ಲಿ ಶೆಡ್ಡಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ರಫ್ ಕಟ್ ತೋರಿಸಿದರು. ಮರ್ವಿನ್ ಕೈಯಲ್ಲಿ ಕಾಗದ ಪೆನ್ನು ಹಿಡಿದು ಮೊದಲ ಸಾಲಿನಲ್ಲಿ ಕೂತಿದ್ದ. ಚೆನ್ನಾಗಿದೆ ಎಂದು ಒಂದು ಸಲವೂ ಹೇಳಲಿಲ್ಲ. ಹನ್ನೊಂದು ತಪ್ಪು ಬರೆದುಕೊಂಡಿದ್ದ. ಅದರಲ್ಲಿ ಒಂಬತ್ತು ಅವನ ಸ್ವಂತ ಮುಖ ಕಾಣುವ ರೀತಿಯ ಬಗ್ಗೆ.

ಎಲ್ಲರೂ ಎದ್ದುಹೋಗುವಾಗ ಇಮೊಜೆನ್ ವಾಲ್ಮಾಳ ಪಕ್ಕ ಬಂದು ಕೂತಳು. "ಒಬ್ಬರು ಉಳಿದಿದ್ದಾರೆ. ಪಟ್ಟಿಯಲ್ಲಿ ನಿಮ್ಮ ಹೆಸರು ನೀವೇ ಬರೆದಿಲ್ಲ."

"ನಂದೇನಿದೆ? ಸೇಬು ಸುತ್ತಿದೆ. ಮದುವೆ ಆದೆ."

"ಅದನ್ನೇ ಹೇಳಿ."

ವಾಲ್ಮಾ ಬೇಡ ಎಂದಳು. ಒಂದು ವಾರ ಬೇಡ ಎಂದಳು. ಮುಂದಿನ ಶನಿವಾರ ಬೆಳಿಗ್ಗೆ ನೀಲಿ ಕೋಟು ಹಾಕಿಕೊಂಡು, ಯಾರಿಗೂ ಹೇಳದೆ, ಇಮೊಜೆನ್ ಮತ್ತು ರೊನಾನ್ ಉಳಿದ ಚಿತ್ರೀಕರಣ ನಡೆಸುತ್ತಿದ್ದ ಶೆಡ್ಡಿಗೆ ಬಂದು, ಕುರ್ಚಿಯಲ್ಲಿ ಕೂತಳು. ಹೊರಗೆ ನದಿಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ರೊನಾನ್ ಮೈಕು ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು ತನ್ನ ಜಾಗಕ್ಕೆ ಹೋದ.

"ದನಿ ಎಷ್ಟಿದೆ ಅಂತ ನೋಡ್ಬೇಕು ಅಮ್ಮಾ. ಏನಾದ್ರೂ ಮಾತಾಡಿ. ಬೆಳಿಗ್ಗೆ ಏನು ತಿಂದ್ರಿ?"

"ಓಟ್ಸ್ ಗಂಜಿ."

"ಇನ್ನೂ ಸ್ವಲ್ಪ ಹೇಳಿ."

"ಇಬ್ಬರಿಗಾಗೋಷ್ಟು ಮಾಡ್ತೀನಿ. ಒಬ್ಬರಿಗೆ ಎಷ್ಟು ಹಾಕ್ಬೇಕು ಅನ್ನೋ ಅಳತೆ ಇನ್ನೂ ಕೈಗೆ ಬಂದಿಲ್ಲ. ಮಿಕ್ಕಿದ್ದು ಕೋಳಿಗೆ. ಕೋಳಿಗಳು ದಪ್ಪ ಆಗ್ಬಿಟ್ಟಿವೆ." ಅವಳು ರೊನಾನ್ ಕಡೆ ನೋಡಿದಳು. "ಇದು ಬರೀ ಪರೀಕ್ಷೆಗೆ ತಾನೆ? ಇದನ್ನ ತೆಗೆದುಹಾಕ್ತೀರಿ."

"ವಿಡಿಯೊದಲ್ಲಿ ಬರಲ್ಲ," ಎಂದಳು ಇಮೊಜೆನ್. "ಆದ್ರೆ ಕ್ಯಾಮೆರಾ ಆಗಲೇ ಓಡ್ತಿದೆ. ಕಾಗದದ ಪ್ರಕಾರ ನಿಮ್ಮದೇ."

ವಾಲ್ಮಾ ಕೋಟಿನ ಗುಂಡಿ ಬಿಚ್ಚಿದಳು. ಬೆನ್ನು ಕುರ್ಚಿಗೆ ಆನಿಸಿದಳು.

"ಹಾಗಾದ್ರೆ ಕೋಳಿ ವಿಷಯಾನೇ ಮೊದಲು ಹೇಳ್ತೀನಿ," ಎಂದಳು. "ಅವನ್ನ ತಂದಿದ್ದು ಅವರು."